ಸೆಲ್ ಮಾರುವವರಿಗೆ ಒಬ್ಬ ವಾಚ್ ರಿಪೇರಿಯವನ ಬಹಿರಂಗ ಪತ್ರ

ದಾವಣಗೆರೆಯಲ್ಲಿ ಟಾರ್ಚು, ಗಡಿಯಾರ, ರಿಮೋಟಿಗೆ ಹಾಕುವ ಸೆಲ್ ಮಾರುವ ಎಲ್ಲ ಅಂಗಡಿಯವರಿಗೆ,

ಕಿರಾಣಿ ಅಂಗಡಿ, ಫ್ಯಾನ್ಸಿ ಸ್ಟೋರ್, ಎಲೆಕ್ಟ್ರಿಕಲ್ ಅಂಗಡಿ, ಮೆಡಿಕಲ್ ಸ್ಟೋರ್, ಬೀಡಾ ಅಂಗಡಿ ಇಟ್ಟುಕೊಂಡವರಿಗೂ ಹಬ್ಬ ಬಂದಾಗ ರಸ್ತೆ ಬದಿಯಲ್ಲಿ ತಳ್ಳುಗಾಡಿ ನಿಲ್ಲಿಸುವವರಿಗೂ ನಮಸ್ಕಾರ. ಮಹಾನಗರ ಪಾಲಿಕೆಯ ಆಯುಕ್ತರಿಗೂ ಇದರಲ್ಲಿ ಒಂದು ಕೋರಿಕೆ ಇದೆ, ಅದು ಕೊನೆಯಲ್ಲಿ ಬರುತ್ತದೆ. ಸೆಲ್ ಕೊಳ್ಳುವ ಮನೆಯವರು ಎಲ್ಲಿಂದ ಬೇಕಾದರೂ ಓದಿಕೊಳ್ಳಬಹುದು.

ಗಡಿಯಾರ ಕಂಬದ ಆಸುಪಾಸಿನ ಒಂದು ಓಣಿಯಲ್ಲಿ ಮೂವತ್ತೊಂದು ವರ್ಷಗಳಿಂದ ವಾಚು, ಗೋಡೆ ಗಡಿಯಾರ ರಿಪೇರಿ ಮಾಡಿಕೊಂಡು ಬಂದವನು ನಾನು. ಕೀಲಿ ಕೊಡುವ ಗಡಿಯಾರಗಳ ಕಾಲ ಮುಗಿದ ಮೇಲೆ ಹೊಟ್ಟೆಪಾಡಿಗೆ ರಿಮೋಟು, ಬಿ.ಪಿ. ನೋಡುವ ಯಂತ್ರ, ಅಡುಗೆಮನೆಯ ತಕ್ಕಡಿ, ಮಕ್ಕಳ ಆಟಿಕೆ, ಪ್ರವಚನದ ಮೈಕು, ತಂದುಕೊಟ್ಟದ್ದನ್ನೆಲ್ಲ ಬಿಚ್ಚುತ್ತೇನೆ. ಎಷ್ಟೋ ಸಲ ಯಂತ್ರ ಕೆಟ್ಟಿರುವುದೇ ಇಲ್ಲ. ಒಳಗೆ ಕುಳಿತ ಸೆಲ್ ಸೋರಿ ಅದರ ಪ್ರಾಣ ತೆಗೆದಿರುತ್ತದೆ. ನನಗೆ ಇದರಿಂದ ನಾಲ್ಕು ಕಾಸು ಸಿಗುತ್ತದೆ, ಸುಳ್ಳೇಕೆ ಹೇಳಲಿ. ಆದರೂ ಬರೆಯುತ್ತಿದ್ದೇನೆ.

ಕಳೆದ ಸೋಮವಾರ ನಿಟುವಳ್ಳಿಯಿಂದ ಒಬ್ಬ ತಾಯಿ ಗೋಡೆ ಗಡಿಯಾರವೊಂದನ್ನು ಹಳೆಯ ಟವೆಲ್‌ನಲ್ಲಿ ಸುತ್ತಿಕೊಂಡು ತಂದಿದ್ದರು. ಅವರ ಮದುವೆಯಲ್ಲಿ ಸೋದರಮಾವ ಕೊಟ್ಟದ್ದು. ಗಾಜಿನ ಕೆಳಗೆ ‘ವಧೂವರರಿಗೆ ಶುಭಾಶಯಗಳು’ ಎಂದು ಬಂಗಾರದ ಬಣ್ಣದಲ್ಲಿ ಬರೆಸಿದ್ದು ಇನ್ನೂ ಮಾಸಿರಲಿಲ್ಲ. “ನಿಂತು ಎರಡು ವರ್ಷವಾಯಿತು ಅಣ್ಣಾ. ತೆಗೆದರೆ ಗೋಡೆ ಬೋಳಾಗಿ ಕಾಣುತ್ತದೆ ಎಂದು ಹಾಗೇ ಬಿಟ್ಟಿದ್ದೆವು” ಎಂದರು. ಹಿಂದಕ್ಕೆ ತಿರುಗಿಸಿದೆ. ಸೆಲ್ ಬೆರಳಿಗೆ ಬರಲಿಲ್ಲ, ತನ್ನ ಗೂಡಿಗೇ ಕಚ್ಚಿಕೊಂಡಿತ್ತು. ಸ್ಕ್ರೂಡ್ರೈವರ್‌ನಿಂದ ಮೀಟಿದಾಗ ಎದ್ದು ಬಂತು, ಜೊತೆಗೆ ಸ್ಪ್ರಿಂಗೂ ಬಂತು. ಹಳೆಯ ಮಣ್ಣಿನ ಗೋಡೆಗೆ ಉಪ್ಪು ಹೊಮ್ಮುತ್ತದಲ್ಲ, ಹಾಗೆ ಬಿಳಿ ಹರಳು ಗೂಡಿನ ತುಂಬ ಹರಡಿತ್ತು. ತಾಮ್ರದ ಎಳೆ ಹಿಡಿದು ಹರಿದು ಒಳಗಿನ ಹಲಗೆಯವರೆಗೂ ಹೋಗಿತ್ತು, ದಾರಿಯುದ್ದಕ್ಕೂ ಹಸಿರು ಬಣ್ಣ. ಹೊರಗೆ ಒಂದು ಗೀರೂ ಇಲ್ಲದ ಗಡಿಯಾರ, ಒಳಗೆ ಖಾಲಿ.

ಎರಡು ವರ್ಷ ನಿಂತ ಗಡಿಯಾರದಿಂದ ಸೆಲ್ ತೆಗೆಯಬೇಕು ಎಂದು ಆ ತಾಯಿಗೆ ಯಾರು ಹೇಳಬೇಕಿತ್ತು? ಮಾರಿದವರೇ ಹೇಳಬೇಕಿತ್ತು ಎನ್ನುವುದು ನನ್ನ ವಾದ. ಮಾರಿದವರಲ್ಲಿ ನಾನೂ ಒಬ್ಬ, ಹಾಗಾಗಿ ಈ ಬೈಗುಳದಲ್ಲಿ ನನಗೂ ಪಾಲಿದೆ.

ನಮ್ಮ ಕಡೆಯ ಹಳ್ಳಿಗಳಲ್ಲಿ ಬ್ಯಾಟರಿ ಎಂದರೆ ಟಾರ್ಚು, ಅದರ ಹೊಟ್ಟೆಗೆ ಹಾಕುವುದು ಸೆಲ್. ಅಂಗಡಿಗೆ ಬಂದವರು “ಪೆನ್ಸಿಲ್ ಸೆಲ್ ಕೊಡಿ” ಎನ್ನುತ್ತಾರೆ. ನಾವು “ದಪ್ಪದ್ದೋ ಸಣ್ಣದ್ದೋ?” ಎಂದು ಕೇಳಿ ಕೈಗೆ ಬಂದದ್ದನ್ನು ಕೊಡುತ್ತೇವೆ. ಇನ್ನೊಂದು ಪ್ರಶ್ನೆ ಕೇಳುವ ಅಭ್ಯಾಸ ನಮಗಿಲ್ಲ: ಯಾವುದಕ್ಕೆ ಹಾಕುತ್ತೀರಿ?

ಒಂದೇ ಗಾತ್ರದಲ್ಲಿ ಎರಡು ಜಾತಿಯ ಸೆಲ್‌ಗಳಿವೆ. ಸೆಲ್ಲಿನ ಮೈಮೇಲೆ ಸಣ್ಣ ಅಕ್ಷರದಲ್ಲಿ ಆರ್6 ಎಂದಿದ್ದರೆ ಅದು ಹಳೆಯ ಕಾಲದ ಸತು–ಇಂಗಾಲದ ಸೆಲ್, ನಾವು ಸಾದಾ ಸೆಲ್ ಎನ್ನುವುದು. ಎಲ್‌ಆರ್6 ಎಂದಿದ್ದರೆ ಆಲ್ಕಲೈನ್. ಸಣ್ಣ ಪೆನ್ಸಿಲ್ ಸೆಲ್ಲಿಗೆ ಇದೇ ರೀತಿ ಆರ್03, ಎಲ್‌ಆರ್03. ಆ ಒಂದು ‘ಎಲ್’ ನೋಡಿದರೆ ಸಾಕು, ಹೊದಿಕೆಯ ಮೇಲಿನ ‘ಹೆವಿ ಡ್ಯೂಟಿ’ ಎಂಬ ಬಡಾಯಿಗೆ ಬೆಲೆ ಕೊಡಬೇಡಿ. ಹಾಗೆ ಬರೆದಿರುವುದು ಹೆಚ್ಚಾಗಿ ಸಾದಾ ಸೆಲ್ಲಿನ ಮೇಲೆಯೇ. ಎರಡೂ ಒಂದೂವರೆ ವೋಲ್ಟ್ ಕೊಡುತ್ತವೆ. ಆದರೆ ಬಿ.ಪಿ. ಯಂತ್ರದಂತೆ ಒಮ್ಮೆಗೇ ಜೋರಾಗಿ ಕರೆಂಟ್ ಎಳೆಯುವ ಕಡೆ ಸಾದಾ ಸೆಲ್ ಬೇಗ ಏದುಸಿರು ಬಿಡುತ್ತದೆ, ಆಲ್ಕಲೈನ್ ತಡೆಯುತ್ತದೆ. ಗೋಡೆ ಗಡಿಯಾರ ಎಳೆಯುವುದು ಹನಿ ಹನಿ. ಅಲ್ಲಿಗೆ ಸಾದಾ ಸೆಲ್ ಧಾರಾಳ ಸಾಕು, ವರ್ಷಕ್ಕೊಮ್ಮೆ ಬದಲಿಸುವುದಾದರೆ ಮಾತ್ರ. ನನ್ನ ಗಿರಾಕಿಗಳಿಗೆ ನಾನು ಯುಗಾದಿಯ ದಿನ ಗೊತ್ತುಮಾಡಿ ಕೊಟ್ಟಿದ್ದೇನೆ. ಬಾಗಿಲಿಗೆ ಮಾವಿನ ತೋರಣ ಕಟ್ಟಲು ಹೇಗಿದ್ದರೂ ಸ್ಟೂಲ್ ಹತ್ತುತ್ತೀರಿ, ಅದೇ ಸ್ಟೂಲನ್ನು ಗಡಿಯಾರದ ಕೆಳಗೂ ಎಳೆದುಕೊಳ್ಳಿ ಎನ್ನುತ್ತೇನೆ. ಸೆಲ್ ಓಡುತ್ತಿದ್ದರೂ ತೆಗೆಯಿರಿ, ಇನ್ನೂ ಜೀವವಿದ್ದರೆ ರಿಮೋಟಿಗೆ ಹಾಕಿಕೊಳ್ಳಿ.

ಸೋರಿದ ಸೆಲ್ ತಂದವರು “ಆಸಿಡ್ ಬಂದಿದೆ” ಎನ್ನುತ್ತಾರೆ. ಆಲ್ಕಲೈನ್ ಸೆಲ್ಲಿನಲ್ಲಿ ಆಸಿಡ್ ಇಲ್ಲ, ಇರುವುದು ಅದಕ್ಕೆ ತದ್ವಿರುದ್ಧವಾದ ಕ್ಷಾರ. ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಅದರ ಹೆಸರು, ಸಾಬೂನು ಮಾಡುವ ಕಾಸ್ಟಿಕ್ ಸೋಡಾದ ದಾಯಾದಿ. ಹೊರಗೆ ಬಂದು ಗಾಳಿ ತಾಗಿದ ಮೇಲೆ ಅದೇ ಬಿಳಿ ಹರಳಾಗುತ್ತದೆ. ಮೇಲೆ ಒಣಗಿದಂತೆ ಕಂಡರೂ ಅಡಿಯಲ್ಲಿ ಹಸಿ ಇರುತ್ತದೆ, ಮುಟ್ಟಿದರೆ ಸಾಬೂನಿನಂತೆ ಜಾರುತ್ತದೆ. ಹಾಗೆ ಜಾರುವುದು ಚರ್ಮದ ಜಿಡ್ಡೇ ಸಾಬೂನಾಗುತ್ತಿರುವ ಲಕ್ಷಣ.

ಇದನ್ನು ನಾನು ಪುಸ್ತಕ ಓದಿ ಕಲಿತದ್ದಲ್ಲ. ಅಂಗಡಿ ಹಾಕಿದ ಮೂರನೆಯ ವರ್ಷವೋ ನಾಲ್ಕನೆಯ ವರ್ಷವೋ, ಒಂದು ಟೇಪ್ ರೆಕಾರ್ಡರಿನ ಸೆಲ್ ಗೂಡನ್ನು ಉಗುರಿನಿಂದ ಕೆರೆದು ಊದಿದೆ. ಪುಡಿ ಹಾರಿತು. ಕಣ್ಣು ತುರಿಸಿತೆಂದು ಅದೇ ಬೆರಳಿನಿಂದ ಉಜ್ಜಿಕೊಂಡೆ. ಮೆಣಸಿನಕಾಯಿ ಹೆಚ್ಚಿದ ಕೈ ತಾಗಿದಂತಾಯಿತು ಎಂದರೆ ಹತ್ತರಲ್ಲಿ ಒಂದು ಪಾಲು ಹೇಳಿದಂತೆ. ಪಕ್ಕದ ಟೈಲರ್ ಅಂಗಡಿಯ ಯಜಮಾನರು ನನ್ನನ್ನು ಬೀದಿ ನಲ್ಲಿಗೆ ಎಳೆದುಕೊಂಡು ಹೋಗಿ, ರೆಪ್ಪೆ ಬಿಡಿಸಿ ಹಿಡಿದು, ನಾನು ಸಾಕು ಎಂದು ಕೂಗಿದರೂ ಬಿಡದೆ ನೀರು ಬಿಟ್ಟರು. ಕಣ್ಣಿನ ಡಾಕ್ಟರು ಆ ಟೈಲರ್‌ಗೆ ಒಂದು ಅಂಗಿಯ ಬಟ್ಟೆ ಕೊಡಿಸು ಎಂದರು. ಆಸಿಡ್ ಮೇಲ್ಮೈಯನ್ನು ಸುಟ್ಟು ಅಲ್ಲೇ ನಿಲ್ಲುವುದುಂಟು, ಕ್ಷಾರ ಒಳಕ್ಕೆ ಇಳಿಯುತ್ತಲೇ ಹೋಗುತ್ತದಂತೆ. ಕಣ್ಣಿಗೆ ಬಿದ್ದರೆ ಕನಿಷ್ಠ ಇಪ್ಪತ್ತು ನಿಮಿಷ ಹರಿಯುವ ನೀರು, ಆಮೇಲೆ ಡಾಕ್ಟರು. ಹಾಲು, ಎಣ್ಣೆ, ಹರಳೆಣ್ಣೆ ಯಾವುದೂ ಬೇಡ. ನಿಂಬೆರಸವಂತೂ ಕಣ್ಣಿನ ಹತ್ತಿರ ಸುಳಿಯಲೇಬಾರದು.

ನಿಂಬೆಯ ಮಾತು ಬಂದದ್ದಕ್ಕೆ ಕಾರಣವಿದೆ. ಆಲ್ಕಲೈನ್ ಸೆಲ್ ಸೋರಿದ ಗೂಡನ್ನು ಸ್ವಚ್ಛ ಮಾಡಲು ಅದರಷ್ಟು ಒಳ್ಳೆಯದು ಮತ್ತೊಂದಿಲ್ಲ. ಕೈಗೆ ರಬ್ಬರ್ ಗವಸು ಅಥವಾ ಒಂದು ಪ್ಲಾಸ್ಟಿಕ್ ಚೀಲ ಹಾಕಿಕೊಳ್ಳಿ. ಸೆಲ್ ತೆಗೆಯಿರಿ. ಕಿವಿಗೆ ಹಾಕುವ ಹತ್ತಿಯ ಕಡ್ಡಿಯನ್ನು ನಿಂಬೆರಸದಲ್ಲೋ ವಿನೆಗರ್‌ನಲ್ಲೋ ಅದ್ದಿ, ತೊಟ್ಟಿಕ್ಕದಂತೆ ಹಿಂಡಿ, ಹರಳಿನ ಮೇಲೆ ಒತ್ತಿ. ಸುಯ್ ಎಂದು ಸಣ್ಣ ನೊರೆ ಏಳುತ್ತದೆ. ನೊರೆ ನಿಂತ ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಣಗಿಸಿ. ಅಡುಗೆ ಸೋಡಾ ಹಾಕಿ ಉಜ್ಜುವವರಿದ್ದಾರೆ. ಅದೂ ಕ್ಷಾರವೇ, ಕ್ಷಾರಕ್ಕೆ ಕ್ಷಾರ ಸೇರಿಸಿದರೆ ಏನೂ ಆಗುವುದಿಲ್ಲ.

ಸೆಲ್ ಸೋರುವುದಾದರೂ ಏಕೆ? ಒಳಗೆ ಸತುವಿನ ಪುಡಿ ಕ್ಷಾರದಲ್ಲಿ ನೆನೆದು ಕುಳಿತಿರುತ್ತದೆ. ಅದು ಸುಮ್ಮನಿದ್ದಾಗಲೂ ತೀರಾ ನಿಧಾನವಾಗಿ ಹೈಡ್ರೋಜನ್ ಅನಿಲ ಬಿಡುತ್ತದೆ. ಸೆಲ್ ಪೂರ್ತಿ ಬರಿದಾದ ಮೇಲೂ ಯಂತ್ರದಲ್ಲೇ ಉಳಿದರೆ ಅನಿಲ ಹೆಚ್ಚುತ್ತದೆ. ಸೆಲ್ ಸಿಡಿಯಬಾರದೆಂದು ತಯಾರಕರು ತಳದ ಪ್ಲಾಸ್ಟಿಕ್ ಮುಚ್ಚಳದಲ್ಲಿ ಒಂದು ಜಾಗವನ್ನು ಬೇಕೆಂದೇ ತೆಳ್ಳಗೆ ಮಾಡಿರುತ್ತಾರೆ. ಒತ್ತಡ ಏರಿದಾಗ ಅದು ಹರಿಯುತ್ತದೆ, ಅನಿಲದ ಹಿಂದೆಯೇ ಕ್ಷಾರ ಬರುತ್ತದೆ. ಅಂದರೆ ಸೋರಿಕೆ ಒಂದು ರೀತಿಯಲ್ಲಿ ನಮ್ಮ ರಕ್ಷಣೆಗೇ ಇಟ್ಟ ಬಾಗಿಲು. ಹಿಂದೆ ಈ ಅನಿಲವನ್ನು ಹದ್ದುಬಸ್ತಿನಲ್ಲಿಡಲು ಪಾದರಸ ಬೆರೆಸುತ್ತಿದ್ದರು. ಅದು ವಿಷವೆಂದು ಕೈಬಿಟ್ಟರು, ಒಳ್ಳೆಯದೇ ಆಯಿತು.

ಈ ಬಾಗಿಲನ್ನು ಬೇಗ ತೆರೆಸುವ ಖಚಿತ ದಾರಿ ಒಂದಿದೆ, ಅದು ನಮ್ಮ ಮನೆಮನೆಯ ಉಳಿತಾಯ ಯೋಜನೆ. ನಾಲ್ಕು ಸೆಲ್ ಹಾಕುವ ಯಂತ್ರಕ್ಕೆ ಮೂರು ಹೊಸದು, ಒಂದು ಹಳೆಯದು. “ಇದಿನ್ನೂ ಚೆನ್ನಾಗಿದೆ, ಯಾಕೆ ಎಸೆಯುವುದು?” ಹೋದ ತಿಂಗಳು ವಿದ್ಯಾನಗರದ ನಿವೃತ್ತ ಮೇಷ್ಟ್ರೊಬ್ಬರು ಬಿ.ಪಿ. ಯಂತ್ರ ತಂದರು. ನಾಲ್ಕನ್ನೂ ಹೊರತೆಗೆದು ಅವರ ಎದುರಿಗೇ ಮೀಟರಿನ ಮುಳ್ಳು ಇಟ್ಟೆ. 1.41, 1.40, 1.42 ವೋಲ್ಟ್. ನಾಲ್ಕನೆಯದಕ್ಕೆ ಮೀಟರ್ ಮೈನಸ್ ತೋರಿಸಿತು. ಮೇಷ್ಟ್ರು ಕನ್ನಡಕ ಏರಿಸಿ ಎರಡು ಸಲ ನೋಡಿದರು. ದಣಿದ ಎತ್ತನ್ನು ಮೂರು ಹೋರಿಗಳ ಜೊತೆ ಕಟ್ಟಿದರೆ ಏನಾಗುತ್ತದೋ ಅದೇ ಆಗಿತ್ತು. ಆ ಮೂರು ಸೇರಿ ಖಾಲಿಯಾದ ನಾಲ್ಕನೆಯದರ ಮೂಲಕ ಕರೆಂಟನ್ನು ಬಲವಂತವಾಗಿ ನೂಕಿವೆ, ಅದರ ಧ್ರುವವೇ ತಿರುಗಿಹೋಗಿದೆ, ಅನಿಲ ತುಂಬಿ ಸೋರಿದೆ. ಒಂದು ಸೆಲ್ ಉಳಿಸಲು ಹೋಗಿ ಯಂತ್ರದ ಸ್ಪ್ರಿಂಗ್ ಹೋಯಿತು. ಹೊಸದು ಹಾಕುವುದಾದರೆ ನಾಲ್ಕೂ ಹೊಸದು, ಒಂದೇ ಕಂಪನಿಯದು, ಒಂದೇ ಜಾತಿಯದು ಆಗಿರಲಿ. ಚಾರ್ಜ್ ಮಾಡುವ ಸೆಲ್ ಒಂದೂಕಾಲು ವೋಲ್ಟಿನ ಹತ್ತಿರದ್ದು, ಅದನ್ನು ಇವುಗಳ ಜೊತೆ ಬೆರೆಸಲೇಬಾರದು. ಚಾರ್ಜ್ ಮಾಡಲಾಗದ ಆಲ್ಕಲೈನ್ ಸೆಲ್ಲನ್ನು ಆ ಚಾರ್ಜರಿಗೆ ಹಾಕುವುದೂ ತಪ್ಪು.

ಸೆಲ್ಲಿನಲ್ಲಿ ಉಸಿರಿದೆಯೇ ಎಂದು ನೋಡಲು ನನ್ನ ಅಂಗಡಿಯ ಹುಡುಗ ಒಂದು ಆಟ ಆಡುತ್ತಾನೆ. ಎರಡು ಬೆರಳಿನ ಎತ್ತರದಿಂದ ಗಾಜಿನ ಮೇಜಿನ ಮೇಲೆ ನೆಟ್ಟಗೆ ಬಿಡುತ್ತಾನೆ. ಹೊಸ ಆಲ್ಕಲೈನ್ ಸೆಲ್ ದೊಪ್ಪೆಂದು ಕೂರುತ್ತದೆ, ಬಳಸಿದ್ದು ಪುಟಿಯುತ್ತದೆ. ಒಳಗಿನ ಸತುವಿನ ಮೆತ್ತನೆಯ ಲೇಹ್ಯ ಕರೆಂಟ್ ಕೊಡುತ್ತಾ ಕೊಡುತ್ತಾ ಗಟ್ಟಿಯಾಗುವುದೇ ಇದಕ್ಕೆ ಕಾರಣ. ಆಟಕ್ಕೆ ಸರಿ. ಆದರೆ ಅರ್ಧ ಬಳಸಿದ್ದೂ ಪೂರ್ತಿ ಸತ್ತದ್ದೂ ಒಂದೇ ರೀತಿ ಪುಟಿಯುತ್ತವೆ, ಹಾಗಾಗಿ ನಾನು ಮೀಟರನ್ನೇ ನಂಬುತ್ತೇನೆ.

ಇನ್ನು ನಮ್ಮ ಹಳೆಯ ಚಾಳಿಗಳು. ರಾತ್ರಿ ತ್ರೀ ಫೇಸ್ ಕರೆಂಟ್ ಬಂದಾಗ ಮೋಟಾರ್ ಹಾಕಲು ಹೊಲಕ್ಕೆ ಹೋಗಬೇಕಾದ ಮನೆಯಲ್ಲಿ ಹುಟ್ಟಿದವನು ನಾನು. ಟಾರ್ಚು ಮಂಕಾದರೆ ಅಪ್ಪ ಸೆಲ್ಲನ್ನು ಹಲ್ಲಿನಲ್ಲಿ ಕಚ್ಚುತ್ತಿದ್ದ, ಮಾರನೆಯ ದಿನ ಅವ್ವ ಅದನ್ನು ಬಿಸಿಲಿಗೆ ಹಂಚಿನ ಮೇಲೆ ಇಡುತ್ತಿದ್ದಳು, ಚಳಿಗಾಲದಲ್ಲಿ ಒಲೆಯ ದಂಡೆಯ ಮೇಲೆ. ಬಿಸಿಯಾದಾಗ ಒಳಗಿನ ಕ್ರಿಯೆ ತುಸು ಚುರುಕಾಗಿ ಹತ್ತು ನಿಮಿಷ ಬೆಳಕು ಕೊಡುತ್ತಿದ್ದದ್ದು ನಿಜ. ಖಾಲಿಯಾದ ಸೆಲ್ ಒಡೆದು, ನಡುವಿನ ಇಂಗಾಲದ ಕಡ್ಡಿಯನ್ನು ಬರೆಯಲು ಇಟ್ಟುಕೊಂಡು, ಕಪ್ಪು ಪುಡಿಗೆ ಸೊಪ್ಪಿನ ರಸ ಕಲಸಿ ಶಾಲೆಯ ಕರಿಹಲಗೆಗೆ ಬಳಿದವರಲ್ಲಿ ನಾನೂ ಇದ್ದೆ. ಶನಿವಾರದ ಬೆಳಗಿನ ಶಾಲೆ ಬಿಟ್ಟ ಮೇಲೆ ಆ ಕೆಲಸ, ಕೈಯೆಲ್ಲ ಕಪ್ಪು.

ಅದು ಹಳೆಯ ಸೆಲ್. ಅದರಲ್ಲೂ ನವಸಾಗರವೆಂಬ ಉಪ್ಪು ಇರುತ್ತಿತ್ತು, ಆದರೆ ನಾವು ಹೇಗೋ ಬಚಾವಾದೆವು. ಈಗಿನ ಆಲ್ಕಲೈನ್ ಒಡೆದರೆ ಒಳಗೆ ಇಂಗಾಲದ ಕಡ್ಡಿ ಸಿಗುವುದೇ ಇಲ್ಲ. ಒಂದು ಹಿತ್ತಾಳೆಯ ಮೊಳೆ, ಅದರ ಸುತ್ತ ಕ್ಷಾರದಲ್ಲಿ ಅದ್ದಿದ ಸತು. ಅಪ್ಪನ ಹಾಗೆ ಕಚ್ಚಿ ಅದರ ಮುಚ್ಚಳ ಹರಿದರೆ ತುಟಿ ಸುಡುತ್ತದೆ. ಬಚ್ಚಲ ಹಂಡೆಯ ಒಲೆಗೋ ರಸ್ತೆ ಬದಿಯ ಕಸದ ಬೆಂಕಿಗೋ ಹಾಕಿದರೆ ಗುಂಡಿನಂತೆ ಸಿಡಿಯುತ್ತದೆ.

ಒಂದು ವಿಷಯ ನಮ್ಮ ಕಸುಬಿನವರಿಗೇ ಹಲವರಿಗೆ ಗೊತ್ತಿಲ್ಲ. ಹಳೆಯ ಸೆಲ್ಲಿನಲ್ಲಿ ಹೊರಗಿನ ಲೋಹದ ಡಬ್ಬಿ ಮೈನಸ್. ಆಲ್ಕಲೈನ್‌ನಲ್ಲಿ ಉಲ್ಟಾ, ಉಕ್ಕಿನ ಡಬ್ಬಿಯೇ ಪ್ಲಸ್. ಮೇಲಿನ ತೆಳುವಾದ ಪ್ಲಾಸ್ಟಿಕ್ ಸಿಪ್ಪೆಯೊಂದೇ ಅದನ್ನು ಮುಚ್ಚಿರುತ್ತದೆ. ಮೈನಸ್ ಕಡೆಯ ಅಂಚಿನಲ್ಲಿ ಸಿಪ್ಪೆ ಹರಿದಿದ್ದರೆ ಯಂತ್ರದ ಸ್ಪ್ರಿಂಗ್ ಆ ಡಬ್ಬಿಗೂ ತಾಗಿ ಶಾರ್ಟ್ ಆಗಬಹುದು. ಸಿಪ್ಪೆ ಕಿತ್ತ ಸೆಲ್ ಮಾರಬೇಡಿ, ಎಷ್ಟೇ ಹೊಸದಾಗಿರಲಿ. ಚೌಕಾಕಾರದ ಒಂಬತ್ತು ವೋಲ್ಟಿನ ಸೆಲ್ ಇದೆಯಲ್ಲ, ಮೈಕಿಗೆ, ಮೀಟರಿಗೆ ಹಾಕುವುದು, ಅದರ ಎರಡೂ ಗುಂಡಿ ಒಂದೇ ಕಡೆ ಪಕ್ಕಪಕ್ಕದಲ್ಲಿವೆ. ಗಲ್ಲಾಪೆಟ್ಟಿಗೆಯ ಚಿಲ್ಲರೆಯ ಜೊತೆ ಹಾಕಿದರೆ ಒಂದು ನಾಣ್ಯ ಸಾಕು, ಸೆಲ್ ಕಾದು ಅಕ್ಕಪಕ್ಕದ ಕಾಗದಕ್ಕೆ ಬೆಂಕಿ ಹತ್ತಿದರೂ ಹತ್ತಿತು. ಗುಂಡಿಗಳ ಮೇಲೆ ಒಂದು ತುಂಡು ಟೇಪ್ ಅಂಟಿಸಿ.

ಇಲ್ಲಿಯವರೆಗೆ ಹೇಳಿದ್ದು ಯಂತ್ರ ಕೆಡುವ ಮಾತು. ಇನ್ನು ಹೇಳುವುದು ಅದಲ್ಲ. ದಯವಿಟ್ಟು ಇದೊಂದನ್ನು ಪೂರ್ತಿ ಓದಿ.

ಎರಡು ದೀಪಾವಳಿಯ ಹಿಂದೆ ನನ್ನ ಹಳೆಯ ಗಿರಾಕಿಯೊಬ್ಬರು, ಮಂಡಿಯಲ್ಲಿ ಲೆಕ್ಕ ಬರೆಯುವವರು, ಅಂಗೈಯಲ್ಲಿ ಒಂದು ಪ್ಲಾಸ್ಟಿಕ್ ಹಣತೆ ಹಿಡಿದುಕೊಂಡು ಬಂದರು. ತಳದ ಮುಚ್ಚಳ ಇರಲಿಲ್ಲ. “ಇದರಲ್ಲಿ ಯಾವ ಸೆಲ್ ಇರುತ್ತದೆ, ಬರೆದುಕೊಡಿ. ಡಾಕ್ಟರು ಕೇಳುತ್ತಿದ್ದಾರೆ” ಎಂದರು. ಅವರ ಧ್ವನಿ ಸರಿ ಇರಲಿಲ್ಲ. ಗೂಡಿನ ಒಳಗೆ ಅಚ್ಚೊತ್ತಿದ್ದನ್ನು ಓದಿ ಸಿಆರ್ 2032 ಎಂದು ಚೀಟಿ ಬರೆದೆ. ಇಪ್ಪತ್ತು ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ, ಆ ಅಂಕಿಯ ಅರ್ಥ ಅದೇ. ಹೆಚ್ಚುಕಡಿಮೆ ಒಂದು ರೂಪಾಯಿಯ ನಾಣ್ಯದಷ್ಟು. ಅವರ ಮೊಮ್ಮಗಳಿಗೆ ಹದಿನಾಲ್ಕು ತಿಂಗಳು. ಹಣತೆಯ ಮುಚ್ಚಳಕ್ಕೆ ಸ್ಕ್ರೂ ಇಲ್ಲ, ಉಗುರಿನಿಂದ ಎತ್ತಿದರೆ ಬರುತ್ತದೆ. ಮಗು ಜೊಲ್ಲು ಸುರಿಸುತ್ತಿತ್ತು, ಊಟ ಬೇಡ ಎನ್ನುತ್ತಿತ್ತು. ಹಲ್ಲು ಬರುತ್ತಿರಬೇಕು ಎಂದುಕೊಂಡು ಮನೆಯವರು ಬಾಳೆಹಣ್ಣು ತಿನ್ನಿಸಲು ನೋಡಿದ್ದಾರೆ. ಮಾರನೆಯ ಬೆಳಿಗ್ಗೆ ಎಕ್ಸ್-ರೇಯಲ್ಲಿ ಅನ್ನನಾಳದಲ್ಲಿ ಒಂದು ಬಿಳಿ ಚಂದ್ರ ಕಂಡಿತು. ನಾಣ್ಯವಾಗಿದ್ದರೆ ಒಂದು ಅಂಚು, ಅದಕ್ಕೆ ಎರಡು ಅಂಚುಗಳಿದ್ದವು.

ಮಗು ಉಳಿಯಿತು. ಬಾಯಿಯ ಮೂಲಕ ನಳಿಕೆ ಇಳಿಸಿ ತೆಗೆದರು. ಗಂಟಲಿನ ಹುಣ್ಣು ಮಾಯಲು ಬಹಳ ದಿನ ಹಿಡಿಯಿತು.

ಗುಂಡಿಯಂತಹ ಸೆಲ್ ನುಂಗಿದಾಗ ಅದು ಸೋರಿ ಸುಡುತ್ತದೆ ಎಂದು ನಾನೂ ತಿಳಿದಿದ್ದೆ. ಅದು ಸೋರಲೇಬೇಕಿಲ್ಲ. ಒದ್ದೆ ಗಂಟಲಿನಲ್ಲಿ ಸಿಕ್ಕಿಕೊಂಡ ಕ್ಷಣದಿಂದ ಅದರ ಎರಡು ಮುಖಗಳ ನಡುವೆ ಕರೆಂಟ್ ಹರಿಯುತ್ತದೆ, ಮೈನಸ್ ಮುಖದ ಬಳಿ ಅಲ್ಲಿಯ ಎಂಜಲೇ ಕ್ಷಾರವಾಗಿ ಮಾರ್ಪಡುತ್ತದೆ. ಎರಡು ಗಂಟೆ ಸಾಕು, ಆಳವಾದ ಗಾಯವಾಗುತ್ತದೆ. ಆಟಿಕೆ ಓಡಿಸಲಾಗದಷ್ಟು ಸೋತ ಸೆಲ್ಲಿನಲ್ಲೂ ಗಂಟಲು ಸುಡುವಷ್ಟು ಶಕ್ತಿ ಉಳಿದಿರುತ್ತದೆ. ಮೂರು ವೋಲ್ಟಿನ ಈ ಲಿಥಿಯಂ ಬಿಲ್ಲೆ ಎಲ್ಲಕ್ಕಿಂತ ಅಪಾಯಕಾರಿ, ಅಗಲವಾದ್ದರಿಂದ ಸಣ್ಣ ಮಕ್ಕಳ ಅನ್ನನಾಳದಲ್ಲಿ ಸಿಕ್ಕಿಕೊಳ್ಳುತ್ತದೆ. ಆಟಿಕೆ, ಥರ್ಮಾಮೀಟರಿನ ಸಣ್ಣ ಆಲ್ಕಲೈನ್ ಗುಂಡಿ ಸೆಲ್ಲೂ ಸಾಧುವಲ್ಲ. ಮೂಗಿಗೆ, ಕಿವಿಗೆ ತುರುಕಿಕೊಂಡರೂ ಇದೇ ಕಥೆ.

ನುಂಗಿದ ಅನುಮಾನ ಬಂದರೆ ಸಾಕು, ಖಾತ್ರಿಗಾಗಿ ಕಾಯಬಾರದು. ವಾಂತಿ ಮಾಡಿಸಬಾರದು. ಬಾಳೆಹಣ್ಣು, ಅನ್ನದ ತುತ್ತು ಕೊಟ್ಟು ಇಳಿಸಲು ಹೋಗಬಾರದು. 108ಕ್ಕೆ ಕರೆ ಮಾಡಿ, ಇಲ್ಲವೇ ಆಟೋ ಹಿಡಿದು ದೊಡ್ಡ ಆಸ್ಪತ್ರೆಗೇ ನೇರವಾಗಿ ಹೋಗಿ. ಎರಡು ವೈದ್ಯಕೀಯ ಕಾಲೇಜುಗಳಿರುವ ಊರು ನಮ್ಮದು, ಅದು ನಮ್ಮ ಭಾಗ್ಯ. ‘ಸೆಲ್ ನುಂಗಿದೆ’ ಎಂಬ ಮಾತನ್ನು ಬಾಗಿಲಲ್ಲೇ ಹೇಳಿ. ಅಮೆರಿಕದ ವಿಷ ಮಾಹಿತಿ ಕೇಂದ್ರದವರು ಒಂದು ಸಲಹೆ ಕೊಡುತ್ತಾರೆ: ಮಗು ಒಂದು ವರ್ಷ ದಾಟಿದ್ದು, ನುಂಗಿ 12 ಗಂಟೆ ಮೀರಿರದೆ, ನುಂಗಲು ಸಾಧ್ಯವಿದ್ದರೆ, ಆಸ್ಪತ್ರೆಯ ದಾರಿಯಲ್ಲಿ ಹತ್ತು ನಿಮಿಷಕ್ಕೊಮ್ಮೆ ಎರಡು ಟೀ ಚಮಚ ಜೇನುತುಪ್ಪ, ಹೆಚ್ಚೆಂದರೆ ಆರು ಸಲ. ಜೇನು ಹುಡುಕುತ್ತಾ ಮನೆಯಲ್ಲಿ ನಿಲ್ಲಬಾರದು. ಒಂದು ವರ್ಷದೊಳಗಿನ ಮಗುವಿಗೆ ಜೇನು ಕೊಡಲೇಬಾರದು.

ಅದೇ ಅಮೆರಿಕದಲ್ಲಿ 2020ರಲ್ಲಿ ರಿಮೋಟಿನ ಬಿಲ್ಲೆ ಸೆಲ್ ನುಂಗಿ ಹದಿನೆಂಟು ತಿಂಗಳ ಮಗುವೊಂದು ತೀರಿಕೊಂಡಿತು. ತಾಯಿ ಸುಮ್ಮನೆ ಕೂರಲಿಲ್ಲ. 2022ರಲ್ಲಿ ಆ ಮಗುವಿನ ಹೆಸರಿನಲ್ಲೇ ರೀಸ್ ಕಾಯ್ದೆ ಬಂತು. ಅದರ ಪ್ರಕಾರ ಗುಂಡಿ ಸೆಲ್ ಇರುವ ವಸ್ತುವಿನ ಮುಚ್ಚಳವನ್ನು ಮಗು ಸುಲಭವಾಗಿ ತೆರೆಯುವಂತಿರಬಾರದು, ಸೆಲ್ ಪೊಟ್ಟಣವೂ ಮಕ್ಕಳ ಕೈಗೆ ಬಿಚ್ಚಿಕೊಳ್ಳಬಾರದು. ನಾವು ಕಾಯ್ದೆಗೆ ಕಾಯಬೇಕೇ? ಹಣತೆ ತರಿಸುವಾಗ ಮುಚ್ಚಳಕ್ಕೆ ಸ್ಕ್ರೂ ಇದೆಯೇ ನೋಡಿ, ಇಲ್ಲದಿದ್ದರೆ ಸಗಟು ವ್ಯಾಪಾರಿಗೆ ವಾಪಸು ಕಳುಹಿಸಿ. ಮಾಲು ಬಂದಾಗಿದೆ, ಏನು ಮಾಡುವುದು ಎನ್ನುವವರು ತಳಕ್ಕೆ ಅಗಲವಾದ ಟೇಪ್ ಸುತ್ತಿ ಮಾರಿ. ಇನ್ನೊಂದು ಮಾತು, ಗುಂಡಿ ಸೆಲ್ಲಿನ ರಟ್ಟನ್ನು ಚಾಕೊಲೇಟ್ ಭರಣಿಯ ಪಕ್ಕದಲ್ಲಿ ತೂಗುಹಾಕಬೇಡಿ. ಹೊಳೆಯುವ ಎರಡು ವಸ್ತುಗಳಲ್ಲಿ ತಿನ್ನುವುದು ಯಾವುದು ಎಂದು ಮಗುವಿಗೆ ಹೇಗೆ ಗೊತ್ತಾಗಬೇಕು?

ಈಗ ಬಳಸಿ ಬಿಟ್ಟ ಸೆಲ್ಲಿನ ವಿಚಾರ. ಪಾದರಸ ಹೋದ ಮೇಲೆ ಆಲ್ಕಲೈನ್ ಸೆಲ್ ಅಂತಹ ಘೋರ ವಿಷವಲ್ಲ ಎನ್ನುವವರಿದ್ದಾರೆ. ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಇದನ್ನು ಮನೆಯ ಕಸದ ಜೊತೆಗೇ ಹಾಕಬಹುದು, ಕ್ಯಾಲಿಫೋರ್ನಿಯಾದಲ್ಲಿ ಹಾಕುವಂತಿಲ್ಲ. ಇರಲಿ. ಅಲ್ಲಿ ಕಸದ ಚೀಲವನ್ನು ಯಂತ್ರ ಎತ್ತುತ್ತದೆ. ನಮ್ಮ ಓಣಿಗೆ ಬೆಳಿಗ್ಗೆ ಗಾಡಿ ಬಂದಾಗ ಹಸಿ ಕಸ, ಒಣ ಕಸ ಬೆರೆಸಿ ಕೊಟ್ಟ ಚೀಲವನ್ನು ಹರಿದು ಕೈಹಾಕಿ ಬೇರೆ ಮಾಡುವವರು ಪೌರಕಾರ್ಮಿಕ ಹೆಣ್ಣುಮಕ್ಕಳು. ಸಾರಿನ ನೀರಿನಲ್ಲಿ ನೆನೆದು ಸೋರಿದ ಸೆಲ್ ಅವರ ಬೆರಳಿಗೆ ತಾಗುತ್ತದೆ. ಅವರಲ್ಲಿ ಒಬ್ಬರು ನನ್ನ ಅಂಗಡಿಯ ಮುಂದೆ ನಿಂತು ಬೆರಳಿನ ಸಂದು ತೋರಿಸಿ “ಇದು ಸುಣ್ಣ ಕಚ್ಚಿದಂತೆ ಆಗಿದೆಯಲ್ಲಣ್ಣ, ಏನಿದು?” ಎಂದು ಕೇಳಿದ್ದರು. ನನಗೆ ನನ್ನ ಕಣ್ಣು ನೆನಪಾಯಿತು.

ನಮ್ಮ ದೇಶದ ನಿಯಮವೂ ಬೇರೆಯಾಗಿಯೇ ಕೊಡಿ ಎನ್ನುತ್ತದೆ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಬಳಸಿದ ಬ್ಯಾಟರಿಯನ್ನು ಅವಧಿ ಮೀರಿದ ಔಷಧ, ಟ್ಯೂಬ್‌ಲೈಟ್, ಸಿರಿಂಜ್‌ಗಳ ಸಾಲಿನಲ್ಲಿ ಮನೆಯ ಅಪಾಯಕಾರಿ ತ್ಯಾಜ್ಯವೆಂದು ಹೆಸರಿಸಿದವು. ಇಂತಹ ತ್ಯಾಜ್ಯ ತೆಗೆದುಕೊಳ್ಳಲು ನಗರಗಳಲ್ಲಿ 20 ಚದರ ಕಿಲೋಮೀಟರಿಗೆ ಒಂದು ಕೇಂದ್ರ ಇರಬೇಕು, ಅದರ ವೇಳೆಯನ್ನು ಜನರಿಗೆ ತಿಳಿಸಬೇಕು ಎಂದೂ ಹೇಳಿದವು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಕಾರಿನ ಬ್ಯಾಟರಿಯಿಂದ ಹಿಡಿದು ಪೆನ್ಸಿಲ್ ಸೆಲ್ಲಿನವರೆಗೆ ಎಲ್ಲಕ್ಕೂ ಅನ್ವಯಿಸುತ್ತವೆ. ವಾಪಸು ಪಡೆದು ಮರುಬಳಕೆಗೆ ಕಳುಹಿಸುವ ಹೊಣೆ ತಯಾರಕರದು, ಮನೆಯ ಕಸಕ್ಕೆ ಬೆರೆಸದೆ ಬೇರೆಯಾಗಿ ಕೊಡುವ ಹೊಣೆ ನಮ್ಮದು. ಸೆಲ್ಲಿನ ಮೇಲೆ ಅಡ್ಡಗೀಟು ಹೊಡೆದ ಕಸದ ಡಬ್ಬಿಯ ಚಿತ್ರ ಇರುವುದು ಇದಕ್ಕೇ. ಒಳಗಿರುವ ಉಕ್ಕು, ಸತು, ಮ್ಯಾಂಗನೀಸ್ ಮೂರನ್ನೂ ಮತ್ತೆ ತೆಗೆಯಬಹುದು. ಮ್ಯಾಂಗನೀಸ್‌ಗಾಗಿ ಇಲ್ಲೇ ಸಂಡೂರಿನ ಕಡೆ ಗುಡ್ಡಗಳನ್ನು ಹೇಗೆ ಅಗೆದಿದ್ದಾರೆ ಎಂದು ಆ ದಾರಿಯಲ್ಲಿ ಹೋದವರಿಗೆ ಗೊತ್ತು.

ಹಾಗಾದರೆ ಅಂಗಡಿಯವರೇ, ನಾನು ಕೇಳುವುದು ಇಷ್ಟು: ಗಲ್ಲಾದ ಪಕ್ಕದಲ್ಲಿ ಒಂದು ಡಬ್ಬಿ ಇಡಿ. ಹೊಸ ಸೆಲ್ ಕೇಳಲು ಬಂದವರಿಗೆ “ಹಳೆಯದು ತಂದಿದ್ದೀರಾ?” ಎಂದು ಕೇಳಿ. ಹಾಲಿನ ಅಂಗಡಿಯಲ್ಲಿ, ಸೋಡಾ ಅಂಗಡಿಯಲ್ಲಿ ಹಿಂದೆ ಖಾಲಿ ಬಾಟಲಿ ಕೇಳುತ್ತಿದ್ದೆವಲ್ಲ, ಹಾಗೆ. ನಾನು ಮೊದಲು ತಗಡಿನ ಬಿಸ್ಕತ್ ಡಬ್ಬಿ ಇಟ್ಟಿದ್ದೆ, ಅದು ದಡ್ಡತನ. ಲೋಹಕ್ಕೆ ಸೆಲ್ ತಾಗಿ ಶಾರ್ಟ್ ಆಗುತ್ತದೆ. ಈಗ ಪಕ್ಕದ ಅಂಗಡಿಯವರು ಖಾರ ಮಂಡಕ್ಕಿ ತುಂಬಿಡುತ್ತಿದ್ದ ಪ್ಲಾಸ್ಟಿಕ್ ಡಬ್ಬಿ ಇಟ್ಟಿದ್ದೇನೆ. ಒಂಬತ್ತು ವೋಲ್ಟಿನದಕ್ಕೂ ಗುಂಡಿ ಸೆಲ್ಲಿಗೂ ಟೇಪ್ ಸುತ್ತಿ ಹಾಕುತ್ತೇನೆ. ಮುಚ್ಚಳವನ್ನು ಬಿಗಿಯಾಗಿ ತಿರುಗಿಸುವುದಿಲ್ಲ, ಅನಿಲ ಹೋಗಲಿ ಎಂದು. ಬಿಸಿಲು ಬೀಳದ, ಮಕ್ಕಳ ಕೈ ಎಟುಕದ ಅಟ್ಟದ ಮೇಲೆ ಇಡುತ್ತೇನೆ. ಗುಜರಿಯವರಿಗೆ ಕೊಡುವುದಿಲ್ಲ. ಉಕ್ಕಿನ ಆಸೆಗೆ ಒಡೆದಾರು.

ಮಾನ್ಯ ಆಯುಕ್ತರೇ, ತಮ್ಮಲ್ಲಿ ಕೋರಿಕೆ ಎಂದರೆ ಇದು. 2016ರ ನಿಯಮದ ಲೆಕ್ಕದಲ್ಲಿ ನಗರದ ವಿಸ್ತೀರ್ಣವನ್ನು ಇಪ್ಪತ್ತರಿಂದ ಭಾಗಿಸಿದರೆ ಎಷ್ಟು ಕೇಂದ್ರಗಳು ಎಂದು ತಮಗೆ ನಾನು ಲೆಕ್ಕ ಹೇಳಬೇಕಿಲ್ಲ. ಆ ಜಾಗಗಳ ವಿಳಾಸ, ತೆರೆದಿರುವ ದಿನ ಮತ್ತು ವೇಳೆಯನ್ನು 45 ವಾರ್ಡ್‌ಗಳಲ್ಲೂ ಕಸದ ಗಾಡಿಯ ಧ್ವನಿವರ್ಧಕದಲ್ಲೇ ಹೇಳಿಸಿ. ಹಾಡಿನ ನಡುವೆ ಅರ್ಧ ನಿಮಿಷ ಸಾಕು. ತಿಂಗಳಿಗೊಮ್ಮೆ ಒಂದು ಗಾಡಿ ಅಂಗಡಿಗಳ ಡಬ್ಬಿಗಳನ್ನು ಸುತ್ತಿ ತೆಗೆದುಕೊಂಡು ನೋಂದಾಯಿತ ಮರುಬಳಕೆದಾರರಿಗೆ ಮುಟ್ಟಿಸಲಿ. ಪೌರಕಾರ್ಮಿಕರಿಗೆ ಕೊಡುವ ಗವಸು ಬಟ್ಟೆಯದಾಗದೆ ರಬ್ಬರಿನದಾಗಿರಲಿ, ಬಟ್ಟೆ ಕ್ಷಾರವನ್ನು ಹೀರಿಕೊಂಡು ಚರ್ಮಕ್ಕೇ ಹಿಡಿದಿಡುತ್ತದೆ. ನನ್ನ ಓಣಿಯ ಹತ್ತು ಅಂಗಡಿಗಳ ಡಬ್ಬಿಗಳನ್ನು ಒಂದೆಡೆ ಸೇರಿಸಿಡುವ ಕೆಲಸ ನಾನು ಮಾಡುತ್ತೇನೆ, ಅದಕ್ಕೆ ಏನೂ ಕೊಡಬೇಕಿಲ್ಲ.

ನನ್ನ ಅಟ್ಟದ ಮೇಲೆ ಈಗ ಮೂರು ಡಬ್ಬಿಗಳು ತುಂಬಿವೆ, ನಾಲ್ಕನೆಯದು ಶುರುವಾಗಿದೆ. ನಿಟುವಳ್ಳಿಯ ತಾಯಿಯ ಗಡಿಯಾರದಿಂದ ಬಂದ ಸೆಲ್ ಅದರಲ್ಲಿ ಮೊದಲನೆಯದು. ಗಡಿಯಾರಕ್ಕೆ ಹೊಸ ಯಂತ್ರ ಕೂರಿಸಿದ್ದೇನೆ, ‘ವಧೂವರರಿಗೆ ಶುಭಾಶಯಗಳು’ ಹಾಗೇ ಇದೆ. ಹೊಸ ಸೆಲ್ಲಿನ ಮೇಲೆ ಬಿಳಿ ಪಟ್ಟಿ ಅಂಟಿಸಿ ತಾರೀಖು ಬರೆದಿದ್ದೇನೆ. ಶನಿವಾರ ಬಂದು ತೆಗೆದುಕೊಂಡು ಹೋಗುತ್ತೇನೆ ಎಂದಿದ್ದಾರೆ, ಮನೆಯಲ್ಲಿರುವ ಹಳೆಯ ಸೆಲ್‌ಗಳನ್ನೂ ಬರುವಾಗ ತರಲು ಹೇಳಿ ಕಳುಹಿಸಿದ್ದೇನೆ.

ಇಂತಿ,
ಗಡಿಯಾರ ಕಂಬದ ಬಳಿಯ ವಾಚ್ ರಿಪೇರಿಯವ
ದಾವಣಗೆರೆ